ಗಾರ್ಡ್ ಕಾಕಾನ ಎರಡನೆಯ ಸಾಕ್ಷಿ

ಅವರ ಎಡಗಿವಿ ಅರ್ಧವೇ ಇತ್ತು. ಮೇಲಿನ ಅರ್ಧವನ್ನು ಜೊಯಿಡಾ ಕಡೆಯ ಕಾಡಿನಲ್ಲಿ ಒಂದು ಕರಡಿ ಕಿತ್ತುಕೊಂಡಿತ್ತು. ಉಳಿದದ್ದು ಒಣಗಿದ ಅಣಬೆಯ ಹಾಗೆ ಮುರುಟಿ ತಲೆಗೆ ಅಂಟಿಕೊಂಡಿತ್ತು. ಯಾರಾದರೂ ಮಾತಾಡಿಸಿದರೆ ಬಲಗಿವಿಯನ್ನು ಮುಂದೆ ಮಾಡಿ, ಮುಖವನ್ನು ಆಚೆ ತಿರುಗಿಸಿ ನಿಲ್ಲುತ್ತಿದ್ದರು. ತಮ್ಮ ಮಾತು ಇವರಿಗೆ ಬೇಡವೇನೋ ಎಂದು ಹೊಸಬರು ತಪ್ಪು ತಿಳಿಯುತ್ತಿದ್ದರು. ನಾನೂ ಹಾಗೆಯೇ ತಿಳಿದಿದ್ದೆ.

ಹಳಿಯಾಳದ ಕಾಲೇಜಿಗೆ ಕನ್ನಡ ಪಾಠ ಹೇಳಲು ಬಂದಾಗ ನನಗೆ ಬಾಡಿಗೆಗೆ ಸಿಕ್ಕಿದ್ದು ಅವರ ಪಕ್ಕದ ಮನೆ. ಅರಣ್ಯ ರಕ್ಷಕರ ಕೆಲಸದಿಂದ ನಿವೃತ್ತರಾಗಿ ಎಷ್ಟೋ ವರ್ಷವಾಗಿದ್ದರೂ ಓಣಿಗೆಲ್ಲ ಅವರು ಗಾರ್ಡ್ ಕಾಕಾ. ಚಹಾಕ್ಕೆ ಸಕ್ಕರೆ ಹಾಕಿಸದೆ ಬೆಲ್ಲದ ಚೂರು ಕಚ್ಚಿಕೊಂಡು ಕುಡಿಯುತ್ತಿದ್ದರು. ಸಂತೆಯಲ್ಲಿ ಬಿದಿರಿನ ಬುಟ್ಟಿಯನ್ನು ಕೈಗೆತ್ತಿಕೊಂಡು, ಇದು ಯಾವ ತಿಂಗಳಲ್ಲಿ ಕಡಿದ ಬಿದಿರು, ಎಷ್ಟು ದಿನಕ್ಕೆ ಹುಳ ಹಿಡಿಯುತ್ತದೆ ಎಂದು ಹೇಳಿಬಿಡುತ್ತಿದ್ದರು. ಒಮ್ಮೆ ನನ್ನ ಬಚ್ಚಲಲ್ಲಿ ಹಾವು ಕಂಡು ನಾನು ಅಂಗಳಕ್ಕೆ ಓಡಿಬಂದಾಗ ಅವರು ಕೋಲನ್ನೂ ಹಿಡಿಯದೆ ಒಳಗೆ ಹೋಗಿ, ಬಾಗಿಲು ತೆರೆದಿಟ್ಟು, ಅದು ತಾನಾಗಿ ಹೊರಟುಹೋಗುವವರೆಗೂ ನಿಂತಿದ್ದರು. "ಓಡಬಾರದ್ರಿ ಅಕ್ಕೋರ, ಓಡಿದ್ರ ಎಲ್ಲಾ ಬೆನ್ನ ಹತ್ತತಾವ" ಎಂದರು.

ಒಂದು ಸಂಗತಿ ಮಾತ್ರ ನನಗೆ ಬಗೆಹರಿದಿರಲಿಲ್ಲ. ಸಿದ್ದಿ ಹೆಂಗಸರು ಜೇನು ಮಾರುತ್ತ ಓಣಿಗೆ ಬಂದರೆ ಕಾಕಾ ಕಟ್ಟೆಯಿಂದೆದ್ದು ಒಳಗೆ ಹೋಗಿಬಿಡುತ್ತಿದ್ದರು. ಅವರ ಹೆಂಡತಿ, ನಮಗೆಲ್ಲ ಕಾಕು, ಜೇನು ಕೊಳ್ಳುತ್ತಿದ್ದರು; ಕಾಕಾ ಅದನ್ನು ಬಾಯಿಗೆ ಹಾಕುತ್ತಿರಲಿಲ್ಲ.

ಕಾಲೇಜಿನ ಸಭಾಂಗಣದಲ್ಲಿ ಒಂದು ಸಿನಿಮಾ ತೋರಿಸಬೇಕೆಂಬುದು ನನ್ನದೇ ಹಟ. ಬ್ರಿಟಿಷರ ಕಾಲದ ಅಪರಾಧದ ಕಥೆ ಅದು. ಬೆಟ್ಟದ ಬುಡಕಟ್ಟಿನವರ ಭೂಮಿಗೆ ಆಸೆಪಟ್ಟ ಜಮೀನ್ದಾರನೊಬ್ಬ ಅವರನ್ನು ಒಬ್ಬೊಬ್ಬರಾಗಿ ಕೊಲ್ಲಿಸಿ, ಆ ಕೊಲೆಗಳನ್ನು ಅವರದೇ ಹುಡುಗನೊಬ್ಬನ ತಲೆಗೆ ಕಟ್ಟುತ್ತಾನೆ. ಸುತ್ತಲಿನ ಕಾಡಂಚಿನ ಸಿದ್ದಿ, ಕುಣಬಿ, ಗೌಳಿ ಜನರ ವಾಡೆಗಳಿಗೂ, ಆ ಪುಟ್ಟ ಹಳ್ಳಿಗಳಿಗೂ, ಹೇಳಿಕಳಿಸಿದ್ದೆ. ಕಾಡಿನ ಸಿನಿಮಾ ಅಂತ ಕಾಕಾನನ್ನೂ ಕರೆದೆ.

ಮಧ್ಯಾಹ್ನದ ಹೊತ್ತು, ಕಿಟಕಿಗಳಿಗೆ ಕರಿಬಟ್ಟೆ ಕಟ್ಟಿದ್ದೆವು. ಬೆಟ್ಟದವರು ಕುಣಿಯುವ ದೃಶ್ಯ ಬಂದಾಗ ಹಿಂದಿನ ಬೆಂಚುಗಳಲ್ಲಿ ಸಿಳ್ಳೆ ಬಿತ್ತು. ಹೊಡೆಯುವ ದೃಶ್ಯಕ್ಕೆ ಯಾರೋ ನಕ್ಕರು. ಮೂರನೆಯ ಸಾಲಿನಲ್ಲಿ ಕೂತಿದ್ದ ಸಿದ್ದಿ ಹೆಂಗಸರು ಅಲುಗಲಿಲ್ಲ. ಒಬ್ಬಾಕೆ ಮಡಿಲಲ್ಲಿದ್ದ ಮಗುವಿನ ಕಣ್ಣಿಗೆ ಸೆರಗು ಮುಚ್ಚಿದಳು. ಕೋರ್ಟಿನ ದೃಶ್ಯದಲ್ಲಿ ಒಬ್ಬ ಜವಾನ ತಲೆತಗ್ಗಿಸಿ ಸುಳ್ಳು ಸಾಕ್ಷಿ ಹೇಳಿದಾಗ ನನ್ನ ಪಕ್ಕದಲ್ಲಿದ್ದ ಕಾಕಾ ಮುಂದಿನ ಕುರ್ಚಿಯ ಬೆನ್ನನ್ನು ಹಿಡಿದುಕೊಂಡರು. ದೀಪ ಹೊತ್ತಿದರೂ ಆ ಕೈ ಬಿಟ್ಟಿರಲಿಲ್ಲ.

ಅಭಿಪ್ರಾಯ ಹೇಳಿ ಎಂದು ಮೈಕು ಕೊಟ್ಟೆ. ಹುಡುಗನೊಬ್ಬ ಫೈಟಿಂಗ್ ಚೆನ್ನಾಗಿದೆ ಎಂದ. ಊರಿನ ಹಿರಿಯರೊಬ್ಬರು ಎದ್ದು, ಇದೆಲ್ಲ ಪರದೇಶದವರು ಆಳಿದ ಕಾಲದ ಮಾತು, ನಮ್ಮ ಕಡೆ ಕಾಡಿನವರನ್ನು ಮನೆಯವರಂತೆ ನೋಡಿಕೊಂಡಿದ್ದೇವೆ ಎಂದರು. ಚಪ್ಪಾಳೆ ಬಿತ್ತು. ಅದು ನಿಲ್ಲುವ ಮೊದಲೇ ಮೂರನೆಯ ಸಾಲಿನಿಂದ ಒಬ್ಬಾಕೆ ಎದ್ದಳು. ಸಿದ್ದಿ ವಾಡೆಯ ಅಂಗನವಾಡಿ ಶಿಕ್ಷಕಿ ಆಕೆ. ತನ್ನ ಊರಿನ ಹೆಸರು, ತಂದೆಯ ಹೆಸರು ಹೇಳಿದಳು.

"ನಮ್ಮಪ್ಪನ್ನ ಸಾಗವಾನಿ ಕದ್ದಾನಂತ ಹಿಡಕೊಂಡ ಹೋದಾಗ ಬ್ರಿಟಿಷರ ಇರಲಿಲ್ರಿ. ನಾ ಐದನೇತ್ತಾ ಸಾಲಿ ಕಲೀತಿದ್ದೆ."

ಹಿಂದೆ ಗುಸುಗುಸು ಎದ್ದಿತು. ಹಿರಿಯರು, ಇಂಥ ಕಡೆ ಮನೆಯ ವ್ಯಾಜ್ಯ ತರಬಾರದು ಎಂದರು. ಪ್ರಿನ್ಸಿಪಾಲರು ನನ್ನತ್ತ ನೋಡಿದರು. ಆ ನೋಟದ ಅರ್ಥ ತಿಳಿದು, ವಂದನಾರ್ಪಣೆ ಹೇಳಿ ಮುಗಿಸಿಬಿಡೋಣವೆಂದು ನಾನು ಮೈಕಿನ ಕಡೆ ನಡೆದೆ. ಕಾಕಾ ಎದ್ದು ನಿಂತಿದ್ದು ಆಗ.

"ಆಕಿ ಅಪ್ಪ ಕಳುವು ಮಾಡಿರಲಿಲ್ಲ," ಎಂದರು. "ಮಾಡ್ಯಾನಂತ ಕೋರ್ಟಿನ್ಯಾಗ ಹೇಳಿದವ ನಾನ."

ಕಾಕಾ ನಿಂತಲ್ಲಿಂದಲೇ ಹೇಳುತ್ತ ಹೋದರು. ಸಾಗವಾನಿ ತುಂಬಿದ ಲಾರಿ ಒಬ್ಬ ಕಂತ್ರಾಟುದಾರನದಾಗಿತ್ತು. ಲಾರಿ ಸಿಕ್ಕಿಬಿದ್ದ ಮೇಲೆ, ಯಾರದಾದರೂ ಹೆಸರು ಬರೆ ಎಂದು ಮೇಲಿನ ಅಧಿಕಾರಿಯೊಬ್ಬ ಹೇಳಿದ. ಆ ಮುಂಜಾನೆ ಜೇನಿಗೆಂದು ಕೊಡಲಿ ಹಿಡಿದು ಬಂದಿದ್ದ ಈಕೆಯ ಅಪ್ಪ ದಾರಿಯಲ್ಲಿ ಎದುರಾದ. ಅವನೇ ಮರ ಕಡಿದದ್ದನ್ನು ಕಣ್ಣಾರೆ ಕಂಡೆ ಎಂದು ಕಾಕಾ ಸಾಕ್ಷಿ ನುಡಿದರು. ಅವನಿಗೆ ಜೈಲಾಯಿತು. ಎರಡು ವರ್ಷಕ್ಕೆ ಕೆಮ್ಮುತ್ತ ತಿರುಗಿಬಂದ, ಬಹಳ ದಿನ ಬದುಕಲಿಲ್ಲ. ಆ ಕುಟುಂಬ ತಲೆಮಾರುಗಳಿಂದ ಉಳುತ್ತಿದ್ದ ಹೊಲದ ಹಕ್ಕಿಗೆ ಅರ್ಜಿ ಹಾಕಿದಾಗ, ಮರಗಳ್ಳನ ಮನೆಯವರು ಎಂದು ಗ್ರಾಮಸಭೆಯಲ್ಲಿ ಅದನ್ನು ಬದಿಗಿಟ್ಟರು. ಈ ಕೊನೆಯ ಮಾತನ್ನು ಕಾಕಾ ಹೇಳಲಿಲ್ಲ, ಮಗಳು ಹೇಳಿದಳು.

ವಾಡೆಯ ನಾಲ್ಕೈದು ಹುಡುಗರು ಕುರ್ಚಿ ಸರಿಸಿ ಕಾಕಾನ ಕಡೆ ನುಗ್ಗಿದರು. ಕೂತುಕೋ ಮುದುಕಾ, ತಲೆ ಕೆಟ್ಟೈತೇನು ಎಂದು ಇನ್ನೊಂದು ಕಡೆಯಿಂದ ಯಾರೋ ಬೈದರು. ಹಿರಿಯರು ಹೊರಟೇಹೋದರು. ಕಾಕಾ ಜಾಗ ಬಿಟ್ಟು ಕದಲಲಿಲ್ಲ. ಆ ಹುಡುಗರಿಗೆ ಕೈ ಅಡ್ಡ ಹಿಡಿದು ನಿಲ್ಲಿಸಿದವಳು ಅಂಗನವಾಡಿಯಾಕೆಯೇ. ಆಮೇಲೆ ಕಾಕಾನ ಕಡೆ ತಿರುಗಿದಳು.

"ಇದನ್ನ ಬರದ ಕೊಡ್ತೀರೇನ್ರಿ?"

"ಕೊಡ್ತೇನಿ ತಂಗಿ."

ಮರುದಿನದಿಂದ ಕಾಕಾನ ಮನೆಯ ಗಾಳಿಯೇ ಬದಲಾಯಿತು. ಅವರ ಮಗನ ಅಂಗಡಿ ಇದ್ದದ್ದು ಅದೇ ಕಂತ್ರಾಟುದಾರನ ಮಕ್ಕಳ ಕಟ್ಟಡದಲ್ಲಿ. ಜೀಪಿನಲ್ಲಿ ಬಂದ ಇಬ್ಬರು ಕಟ್ಟೆಯ ಮೇಲೆ ಕೂತು, ಮೆಲುದನಿಯಲ್ಲಿ ಮಾತಾಡಿ ಹೋದರು. ಮಗ ಅಪ್ಪನ ಕಾಲು ಹಿಡಿದ, ಆಮೇಲೆ ಬೈದ. ಕಾಕು ಮಾತು ಬಿಟ್ಟರು. ತಾಟಿನಲ್ಲಿ ರೊಟ್ಟಿ ಇಟ್ಟು ಮುಖ ನೋಡದೆ ಹೋಗುತ್ತಿದ್ದರಂತೆ.

ಮೂರನೆಯ ದಿನ ಕಾಕಾ ನನ್ನ ಬಾಗಿಲಿಗೆ ಬಂದರು. ಕೋರ್ಟಿಗೆ ಸಲ್ಲುವಂತೆ ಬರೆಯಲು ತಮಗೆ ಬಾರದು, ತಾವು ಹೇಳಿದ್ದನ್ನು ನಾನು ಬರೆಯಬೇಕು ಎಂದರು. ನನ್ನನ್ನೂ ಕಾಲೇಜಿನವರು ಕರೆದು ಎಚ್ಚರಿಕೆ ಕೊಟ್ಟಾಗಿತ್ತು. ಪರೀಕ್ಷೆಯ ಕೆಲಸವಿದೆ, ನಾಳೆ ನೋಡೋಣ ಎಂದೆ. ಮರುದಿನವೂ ಬಂದರು, ಮತ್ತೊಂದು ನೆಪ ಹೇಳಿದೆ. ಅವರು ಬಲಗಿವಿ ಮುಂದೆ ಮಾಡಿ ಪೂರ್ತಿ ಕೇಳಿಸಿಕೊಂಡರು.

"ಅಂಜಿಕಿ ಆಗಿದ್ರ ಹೇಳ್ರಿ ಅಕ್ಕೋರ. ನನಗ ಗೊತ್ತೈತಿ ಅದು. ಬ್ಯಾರೆ ಯಾರನರ ನೋಡ್ತೇನಿ."

ಆ ಮಾತಿನಲ್ಲಿ ಚುಚ್ಚುವ ಉದ್ದೇಶವೇ ಇರಲಿಲ್ಲ. ಅದಕ್ಕೇ ನನಗೆ ತಡೆಯಲಾಗಲಿಲ್ಲ. ಒಳಗೆ ಕರೆದು ಹಾಳೆ ತೆಗೆದೆ.

ಅವರು ಹೇಳಿದರು, ನಾನು ಬರೆದೆ. ಒಂದು ಕಡೆ, ಮೇಲಿನವರ ಒತ್ತಡಕ್ಕೆ ಒಳಗಾಗಿ ಹಾಗೆ ನುಡಿದೆ ಎಂದು ನಾನೇ ಸೇರಿಸಿದ್ದೆ. ಓದಿ ಹೇಳಿದಾಗ ಕೈ ಎತ್ತಿದರು. "ಅದನ್ನ ಹೊಡದ ಹಾಕ್ರಿ. ಒತ್ತಡ ಇತ್ತು ಖರೆ. ಬಾಯಿ ನಂದ ಇತ್ತಲ್ಲ."

ಹೊಡೆದು ಹಾಕಿದೆ. ವಕೀಲರ ಮುಂದೆ ಸಹಿಯಾದ ಮೇಲೆ, ಆ ಕಾಗದವನ್ನು ತಾವೇ ಹೋಗಿ ಕೊಡಬೇಕೆಂದರು. ಕಾಡಂಚಿನ ಆ ವಾಡೆಗೆ ನಾನೂ ಜೊತೆಗೆ ಹೋದೆ. ಸತ್ತವನ ಹೆಂಡತಿ ಬಿಸಿಲಲ್ಲಿ ಭತ್ತ ಹರವುತ್ತಿದ್ದಳು. ಇವರು ಇಂಥವರು ಎಂದು ಮಗಳು ಹೇಳಿದಳು. ಮುದುಕಿ ನೆಟ್ಟಗಾಗಿ ಕಾಕಾನನ್ನೇ ನೋಡಿದಳು. ಕೇಳಿದ್ದು ಒಂದೇ ಮಾತು.

"ಅವತ್ತ ಕೋರ್ಟಿನಿಂದ ಮನೀಗಿ ಹೋಗಿ ಉಂಡ್ಯಾ?"

"ಉಂಡೆ" ಎಂದರು ಕಾಕಾ.

ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೋಗೋಣ ಎಂದು ನಾನು ತೋಳು ಮುಟ್ಟಿದರೂ ಕಾಕಾ ಅಂಗಳ ಬಿಡಲಿಲ್ಲ. ನೆರಳಿಗೂ ಸರಿಯಲಿಲ್ಲ. ಬಿಸಿಲು ಇಳಿಯುವವರೆಗೂ ಬಾಗಿಲು ತೆರೆಯಲಿಲ್ಲ. ಕೊನೆಗೆ ಮಗಳು ಕಾಗದ ಇಸಿದುಕೊಂಡು, ಕಡೆಯ ಬಸ್ಸಿನ ಹೊತ್ತಾಯಿತು ಎಂದಳು.

ಮಗ ಅಂಗಡಿ ಖಾಲಿ ಮಾಡಬೇಕಾಯಿತು. ಮುಂಡಗೋಡದಲ್ಲಿ ಬೇರೆ ಅಂಗಡಿ ಹಾಕಿದ, ಅಪ್ಪನನ್ನು ಮಾತಾಡಿಸಲು ಮತ್ತೊಂದು ವರ್ಷ ತೆಗೆದುಕೊಂಡ. ಹಳೆಯ ತೀರ್ಪನ್ನು ತಿದ್ದಬೇಕೆಂಬ ಅರ್ಜಿ ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋಯಿತು. ಕಾಕಾ ಎರಡು ಸಲ ಅಲ್ಲಿಗೆ ಹೋಗಿ ನಿಂತು ಬಂದರು. ವಿಚಾರಣೆಯ ಮೂರನೆಯ ತಾರೀಖಿಗೆ ಮೊದಲೇ, ಒಂದು ಮುಂಜಾನೆ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದವರು ಹಾಗೆಯೇ ವಾಲಿದರು. ಕಾಕು ಎತ್ತಿ ಹಿಡಿಯುವಷ್ಟರಲ್ಲಿ ಉಸಿರು ಹೋಗಿತ್ತು. ಮಣ್ಣು ಮಾಡುವ ದಿನ ಅಂಗನವಾಡಿಯಾಕೆ ಬಂದಿದ್ದಳು. ತಾನು ಅವರನ್ನು ಕ್ಷಮಿಸಿಲ್ಲ, ಆದರೂ ಬರಬೇಕೆನಿಸಿತು ಎಂದು ನನಗೆ ಹೇಳಿ, ಕಡೆಯವರೆಗೂ ಗೋಡೆಗೆ ಒರಗಿ ನಿಂತಿದ್ದಳು.

ಸಾಕ್ಷಿ ಸತ್ತರೂ ಬರೆದದ್ದು ನಿಲ್ಲುತ್ತದೆ ಎಂದರು ವಕೀಲರು. ಪ್ರಕರಣ ಇನ್ನೂ ನಡೆದಿದೆ. ಅಂದು ಮೈಕಿನ ಕಡೆ ನಡೆದ ನನ್ನ ನಾಲ್ಕು ಹೆಜ್ಜೆ ನನಗೆ ಇವತ್ತಿಗೂ ನಾಚಿಕೆ ತರುತ್ತವೆ. ಅವರು ಏಳದೇ ಹೋಗಿದ್ದರೆ ನಾನು ಚೆಂದದ ವಂದನಾರ್ಪಣೆ ಮಾಡಿರುತ್ತಿದ್ದೆ.

ಕಾಕಾ ಮಣ್ಣಾಗಿ ತಿಂಗಳಾದ ಮೇಲೆ ವಾಡೆಯಿಂದ ಫೋನ್ ಬಂತು. ಆ ಮನುಷ್ಯ ಏನು ಬರೆಸಿದ್ದಾನೆಂದು ಅವ್ವ ಕೇಳಬೇಕಂತೆ, ನೀವೇ ಓದಿ ಎಂದಳು ಮಗಳು. ಹೋದೆ. ಮುದುಕಿ ಜಗಲಿಯಲ್ಲಿ ಚಾಪೆ ಹಾಸಿದಳು. ಪೂರ್ತಿ ಓದಿದೆ. ಅವಳ ಗಂಡನ ಹೆಸರಿನ ಮುಂದೆ ಈ ಮನುಷ್ಯ ನಿರಪರಾಧಿ ಎಂದಿದ್ದ ಸಾಲು ಬಂದಾಗ ಕೈ ಎತ್ತಿ ನಿಲ್ಲಿಸಿದಳು. ಅದಷ್ಟನ್ನು ಮತ್ತೊಮ್ಮೆ ಓದಿಸಿದಳು. ಆಮೇಲೆ ಹಿತ್ತಲಲ್ಲಿದ್ದ ಮೊಮ್ಮಕ್ಕಳನ್ನೂ ಪಕ್ಕದ ಮನೆಯವರನ್ನೂ ಕೂಗಿ ಕರೆದು, ಎಲ್ಲರೂ ಬಂದು ಕೂತರೇ ಎಂದು ನೋಡಿ, ನನ್ನ ಕಡೆ ತಿರುಗಿದಳು.

"ಈಗ ಜೋರ ಓದ್ರಿ," ಎಂದಳು.