ವಾಲಬಿಗೆ ಕುಸ್ತಿ ಕಲಿಸಿದ ಆರ್ಚಿ

ಬೇಲಿ ಕಟ್ಟುವುದರಲ್ಲಿ ಆರ್ಚಿ ಟ್ರೆಲೋರ್ ಎತ್ತಿದ ಕೈ. ನ್ಯೂ ಸೌತ್ ವೇಲ್ಸ್‌ನ ಎತ್ತರದ ಬಯಲಿನಲ್ಲಿ, ಕುರಿಗಳು ಮೇಯುವ ಹುಲ್ಲುಗಾವಲುಗಳ ಸುತ್ತ ಅವನು ಎಳೆದ ತಂತಿಗಳು ಎಷ್ಟೋ ವರ್ಷದ ಮೇಲೂ ಜೋಲುಬೀಳಲಿಲ್ಲ. ತಂತಿಯನ್ನು ಬೆರಳಿನಿಂದ ಮೀಟಿ, ಬಂದ ಸದ್ದಿನಲ್ಲೇ ಬಿಗಿ ಸಾಕೋ ಸಾಲದೋ ಹೇಳುತ್ತಿದ್ದ. ಒಳ್ಳೆಯ ಮನುಷ್ಯ, ನಗುಮುಖದವನು. ಆದರೆ ಸೋಲುವುದೆಂದರೆ ಅವನಿಗೆ ಆಗದು. ಪಬ್ಬಿನಲ್ಲಿ ಪಂಜ ಹಿಡಿಯುವ ಪಂದ್ಯವೇ ಇರಲಿ, ಪುಟ್ಟ ಮಕ್ಕಳೊಡನೆ ಕ್ರಿಕೆಟ್ಟೇ ಇರಲಿ, ಗೆಲ್ಲದೆ ಮನೆಗೆ ಬಂದವನಲ್ಲ. ಇಸ್ಪೀಟು ಆಡುವಾಗ ಒಳ್ಳೆಯ ಎಲೆ ಬಿದ್ದರೂ ಹೆಂಡತಿ ನೋಲಾ ಎಷ್ಟೋ ಸಲ ಸುಮ್ಮನೆ ಸೋತುಕೊಡುತ್ತಿದ್ದಳು.

ಎಪ್ಪತ್ತರ ದಶಕದ ಒಂದು ಜುಲೈ ತಿಂಗಳು, ಅಲ್ಲಿನ ನಡು ಚಳಿಗಾಲ, ಹುಲ್ಲಿನ ಮೇಲೆ ಬಿಳಿ ಹಿಮ ಕೂತ ಬೆಳಿಗ್ಗೆ, ಆರ್ಚಿ ತಾನೇ ಕಟ್ಟಿದ ಬೇಲಿಯಲ್ಲಿ ಒಂದು ಹೆಣ್ಣು ವಾಲಬಿ ಸತ್ತು ನೇತಾಡುವುದನ್ನು ಕಂಡ. ಹಾರುವಾಗ ಹಿಂಗಾಲು ಮೇಲಿನ ಎರಡು ತಂತಿಗಳ ನಡುವೆ ಸಿಕ್ಕಿಕೊಂಡಿತ್ತು. ವಾಲಬಿಯೆಂದರೆ ಕಾಂಗರೂವಿನ ಕುಳ್ಳ ದಾಯಾದಿ. ಬೇಲಿ ಕಟ್ಟುವವನಿಗೆ ತಲೆನೋವು, ಅಷ್ಟೇ. ಆದರೆ ಅದರ ಹೊಟ್ಟೆಯ ಚೀಲದಲ್ಲಿ ಏನೋ ಮಿಸುಕಿತು. ಇನ್ನೂ ಸರಿಯಾಗಿ ತುಪ್ಪಳ ಮೂಡದ ಗಂಡುಮರಿ. ಅಂಗಿಯೊಳಗೆ ಇಟ್ಟುಕೊಂಡು ತಂದು ನೋಲಾಳ ಮಡಿಲಿಗೆ ಹಾಕಿದ.

ನೋಲಾ ಹಳೆಯ ಉಣ್ಣೆಯ ಸ್ವೆಟರಿನಲ್ಲಿ ಚೀಲ ಹೊಲಿದು ಒಲೆಯ ಪಕ್ಕದ ಬಾಗಿಲಿಗೆ ತೂಗುಹಾಕಿದಳು. ಗಂಟೆಗಂಟೆಗೆ ಬಾಟಲಿ ಹಾಲು ಕುಡಿಸಿದಳು. ಮುಂಗೈಗಳೆರಡನ್ನೂ ಎದೆಯ ಮೇಲೆ ಜೋಡಿಸಿಕೊಂಡು, ಇನ್ನೇನು ಉಪದೇಶ ಶುರುಮಾಡುವಂತೆ ಕೂರುತ್ತಿದ್ದ ಅದಕ್ಕೆ 'ಪಾದ್ರಿ' ಎಂದು ಹೆಸರಿಟ್ಟವಳೂ ಅವಳೇ.

ವಾಲಬಿ ಮರಿಗಳು ತಾಯಿಯ ಮೈಮೇಲೆ ಬಿದ್ದು ಹೊಡೆದಾಡುತ್ತಲೇ ಬೆಳೆಯುತ್ತವೆ. ತಾಯಿಯಿಲ್ಲದ ಪಾದ್ರಿ ಆರ್ಚಿಯ ಕಾಲಿಗೆ ಗುದ್ದಲು ಶುರುಮಾಡಿತು. ಆರ್ಚಿಗೆ ಖುಷಿಯೋ ಖುಷಿ. ಮಂಡಿಯೂರಿ ಮುಷ್ಟಿ ತೋರಿಸಿದರೆ ಮರಿ ಅವನ ಕುತ್ತಿಗೆಗೆ ಕೈಹಾಕಿ ತೆಕ್ಕೆಗೆ ಬೀಳುತ್ತಿತ್ತು. ಶನಿವಾರ ಸಂಜೆ ಗೆಳೆಯರು ಬಿಯರ್ ಹಿಡಿದು ಹಿತ್ತಿಲ ಬೇಲಿಗೆ ಒರಗಿ ನಿಂತು ನೋಡುವಷ್ಟು ಈ ಕುಸ್ತಿ ಹೆಸರಾಯಿತು.

"ಲೇ ಆರ್ಚಿ, ಪಾದ್ರಿ ಕೈಲಿ ಒದೆ ತಿಂದ್ರೆ ಪಾಪ ಕಳೆಯುತ್ತೇನೋ?" ಎಂದು ಪಕ್ಕದ ಜಮೀನಿನಲ್ಲಿ ಕುರಿ ಸಾಕುವ ಕ್ಲೆಮ್ ಡೂಲಿ ಕೂಗುತ್ತಿದ್ದ.

"ಕಳೆಯೋದಾದ್ರೆ ಮೊದಲು ನೀನು ಬಾರೋ, ನಿನ್ನದೇ ಗಾಡಿಗಟ್ಟಲೆ ಇದೆ!"

ನೋಲಾ ಮಾತ್ರ ನಗುತ್ತಿರಲಿಲ್ಲ. "ಸಾಕು ಬಿಡು ಆರ್ಚಿ. ಅದು ಗಂಡು. ನಾಳೆ ದೊಡ್ಡದಾಗತ್ತೆ."

"ಆಗ್ಲಿ ಬಿಡು, ಆಟಕ್ಕೆ ಇನ್ನೂ ಮಜಾ."

ಮೂರನೆಯ ವರ್ಷಕ್ಕೆ ಪಾದ್ರಿಯ ತೋಳುಗಳು ದಪ್ಪವಾದವು, ಎದೆ ಅಗಲವಾಯಿತು. ಈಗ ಅದು ಆರ್ಚಿಯನ್ನು ಕಂಡೊಡನೆ ಕಾಲ್ಬೆರಳ ತುದಿಯ ಮೇಲೆ ಮೈ ನಿಮಿರಿಸಿ ನಿಲ್ಲುತ್ತಿತ್ತು. ಎರಡೂ ಕೈಯಲ್ಲಿ ಹುಲ್ಲು ಕಿತ್ತು ಎದೆಗೆ ಉಜ್ಜಿಕೊಳ್ಳುತ್ತಿತ್ತು. ಆರ್ಚಿ ಅದನ್ನೂ ಕೋಡಂಗಿ ಆಟವೆಂದುಕೊಂಡ. ಪ್ರತಿ ಸಲವೂ ಅದನ್ನು ಎತ್ತಿ ಕೆಡವಿ ಗೆದ್ದ. ಅದು ಎದ್ದು ಮತ್ತೆ ಬರುತ್ತಿತ್ತು. ಅವನು ಮತ್ತೆ ಕೆಡವುತ್ತಿದ್ದ.

ಅಕ್ಟೋಬರಿನ ಒಂದು ಬೆಳಿಗ್ಗೆ ಹಾಗೆಯೇ ಎರಡು ಸಲ ಕೆಡವಿ, ನಗುತ್ತಾ ಚಹಾಕ್ಕೆಂದು ಒಳಗೆ ಹೋದ. ಅದೇ ಹೊತ್ತಿಗೆ ನೋಲಾ ಒಗೆದ ಬಟ್ಟೆಯ ಬುಟ್ಟಿ ಹಿಡಿದು ಹೊರಗೆ ಬಂದಳು. ಹಾಸಿಗೆಯ ಹೊದಿಕೆಯನ್ನು ತಂತಿಗೆ ಹಾಕಲು ತುದಿಗಾಲಲ್ಲಿ ನಿಂತು ಎರಡೂ ಕೈ ಮೇಲೆತ್ತಿದಳು. ಬಿದ್ದ ಸಿಟ್ಟಿನಲ್ಲಿದ್ದ ಪಾದ್ರಿಯ ಕಣ್ಣಿಗೆ ಎದುರಾಳಿಯೊಬ್ಬ ಮೈ ನಿಮಿರಿಸಿ ನಿಂತ ಹಾಗೆ ಕಂಡಿರಬೇಕು. ಬಾಲದ ಮೇಲೆ ಭಾರ ಬಿಟ್ಟು ಎರಡೂ ಹಿಂಗಾಲಿನಿಂದ ಒದೆಯಿತು. ನೋಲಾ ಸಿಮೆಂಟಿನ ಮೆಟ್ಟಿಲ ಮೇಲೆ ಬಿದ್ದಳು. ಆರ್ಚಿ ಓಡಿಬಂದಾಗ ಅವಳು ಒದ್ದೆ ಹೊದಿಕೆಯನ್ನು ಮುಷ್ಟಿಯಲ್ಲಿ ಹಿಡಿದೇ ಇದ್ದಳು.

ಸೊಂಟದ ಮೂಳೆ ಮುರಿದಿತ್ತು. ಪೇಟೆಯ ಆಸ್ಪತ್ರೆಯಲ್ಲಿ ಏಳು ವಾರ. ಊರಿನ ಪುಟ್ಟ ಚರ್ಚಿನಲ್ಲಿ ಹತ್ತೊಂಬತ್ತು ವರ್ಷ ಕಾಲಿನಿಂದ ತಿದಿಯೊತ್ತಿ ಆರ್ಗನ್ ನುಡಿಸಿದವಳು ಅವಳು. ಇನ್ನು ಆ ಕಾಲು ತಿದಿ ಒತ್ತುವುದಿಲ್ಲವೆಂದು ಡಾಕ್ಟರು ಹೇಳಿದರು.

ಕ್ಲೆಮ್ ಕೋವಿ ಹಿಡಿದು ಬಂದ. ಈಗ ಅವನ ಮಾತಿನಲ್ಲಿ ತಮಾಷೆ ಇರಲಿಲ್ಲ. "ನಿನ್ನ ಕೈಲಿ ಆಗಲ್ಲ ಮಾರಾಯ. ನೀನು ಒಳಗೆ ಹೋಗು, ನಾನು ಮುಗಿಸ್ತೀನಿ."

ಆರ್ಚಿ ಹೂಂ ಅನ್ನುವವನೇ ಇದ್ದ. ಹೇಳಿಬರೋಣವೆಂದು ಆಸ್ಪತ್ರೆಗೆ ಹೋದರೆ, ನೋಲಾ ದಿಂಬಿನ ಮೇಲಿಂದಲೇ ಅವನನ್ನು ನೋಡಿದಳು.

"ಅದನ್ನ ಕೊಂದ್ರೆ ನಾನು ಆ ಮನೆಗೆ ಬರಲ್ಲ. ಅದಕ್ಕೆ ಏನು ಕಲಿಸಿದ್ವೋ ಅದನ್ನೇ ಮಾಡಿದೆ."

ಕಲಿಸಿದ್ವಿ ಎಂದಳು, ನೀನು ಕಲಿಸಿದೆ ಎನ್ನಲಿಲ್ಲ. ಆ ಒಂದು ಅಕ್ಷರದ ದಯೆಯೇ ಆರ್ಚಿಯನ್ನು ಹೆಚ್ಚು ಚುಚ್ಚಿತು.

ಪಾದ್ರಿಯನ್ನು ಗೋಣಿಚೀಲದಲ್ಲಿ ಕಟ್ಟಿ, ಹನ್ನೆರಡು ಮೈಲಿಯಾಚೆ, ಕಣಿವೆಯ ಅಂಚಿನ ಕಾಡುಬಯಲಿನಲ್ಲಿ ಬಿಟ್ಟುಬಂದ. ಅಲ್ಲಿ ವಾಲಬಿಗಳ ಹಿಂಡಿತ್ತು. ಭಾನುವಾರ ಬೆಳಿಗ್ಗೆ ನೋಡಿಕೊಂಡು ಬರುವುದು ರೂಢಿಯಾಯಿತು. ಮೂವತ್ತು ವರ್ಷ ಅವುಗಳ ನಡುವೆಯೇ ದುಡಿದಿದ್ದರೂ ಆರ್ಚಿ ಒಂದು ದಿನವೂ ಕೂತು ನೋಡಿದವನಲ್ಲ. ಈಗ ಬಂಡೆಯೊಂದರ ಮರೆಯಲ್ಲಿ ಕೂತು ನೋಡಿದ.

ಹಿಂಡಿನಲ್ಲೊಂದು ಹರಿದ ಕಿವಿಯ ದೊಡ್ಡ ಗಂಡು. ಬೆದೆಗೆ ಬಂದ ಹೆಣ್ಣಿನ ಹಿಂದೆ ಅದು ದಿನವಿಡೀ ಬಾಲವನ್ನು ಹಾವಿನಂತೆ ಅತ್ತಿತ್ತ ಆಡಿಸುತ್ತಾ, ಲೊಚ್ ಲೊಚ್ ಎಂದು ಮೆಲ್ಲಗೆ ಸದ್ದು ಮಾಡುತ್ತಾ ಹೋಗುವುದು. ಹೆಣ್ಣು ತಿರುಗಿ ಗುರುಗುಟ್ಟಿದರೆ ಅಲ್ಲೇ ನಿಲ್ಲುವುದು. ಬೇರೆ ಗಂಡು ಹತ್ತಿರ ಬಂದರೆ ದೊಡ್ಡದು ತುದಿಗಾಲಲ್ಲಿ ಎದ್ದು, ಹುಲ್ಲು ಕಿತ್ತು ಎದೆಗೆ ಉಜ್ಜಿಕೊಳ್ಳುವುದು. ಆರ್ಚಿ ಬಂಡೆಯನ್ನು ಬಿಗಿಯಾಗಿ ಹಿಡಿದುಕೊಂಡ. ಹಿತ್ತಿಲಲ್ಲಿ ಅವನು ನಕ್ಕು ನೋಡಿದ್ದು ಇದನ್ನೇ.

ಬಹಳ ಸಲ ಜಗಳವೇ ಆಗುತ್ತಿರಲಿಲ್ಲ. ಜಗಳವಾದರೂ ಒಂದೆರಡು ಏಟು. ಬಳಿಕ ಚಿಕ್ಕದು ತಲೆ ತಗ್ಗಿಸಿ, ನೆಲಕ್ಕೆ ಮೈಯಾನಿಸಿ, ಸೋತೆನೆಂಬಂತೆ ಖ್ಖ ಖ್ಖ ಎಂದು ಕೆಮ್ಮಿಬಿಡುವುದು. ಅಷ್ಟೇ. ದೊಡ್ಡದು ಅದರ ತಂಟೆಗೆ ಹೋಗದು. ಎರಡೂ ಹತ್ತು ಮಾರು ದೂರದಲ್ಲಿ ಮೇಯುತ್ತಿರುವುವು.

ಪಾದ್ರಿಗೆ ಈ ಕೆಮ್ಮು ಗೊತ್ತಿರಲಿಲ್ಲ. ಕೆಳಗೆ ಬಿದ್ದರೆ ಎದ್ದು ಮತ್ತೆ ಹೋಗುವುದೊಂದೇ ಗೊತ್ತು. ಎಂಟನೆಯ ಭಾನುವಾರದ ಹೊತ್ತಿಗೆ ಅದರ ಒಂದು ಕಣ್ಣು ಮುಚ್ಚಿತ್ತು, ಪಕ್ಕೆಯ ತುಪ್ಪಳ ಕಿತ್ತುಬಂದಿತ್ತು. ಹಿಂಡಿನ ಅಂಚಿನಲ್ಲಿ ಒಂಟಿಯಾಗಿ ಮೇಯುತ್ತಿತ್ತು.

ಆರ್ಚಿಗೆ ತಡೆಯಲಾಗಲಿಲ್ಲ. ಮರೆಯಿಂದ ಎದ್ದು ಹೋದ. ಪಾದ್ರಿ ಅವನ ಗುರುತು ಹಿಡಿಯಿತು. ಕುಂಟುತ್ತಾ ಬಂದು, ನೋವಿನ ಮೈಯನ್ನು ನಿಮಿರಿಸಿ, ಹುಲ್ಲಿಗೆ ಕೈಹಾಕಿತು. ಅಭ್ಯಾಸಬಲದಿಂದ ಆರ್ಚಿಯ ಮುಷ್ಟಿ ಬಿಗಿಯಾಯಿತು. ಮರುಕ್ಷಣ ಅವನು ಮೊಣಕಾಲೂರಿ ಕೂತ. ತಲೆ ನೆಲಕ್ಕೆ ತಾಗುವಷ್ಟು ಬಗ್ಗಿ ಕೆಮ್ಮಿದ. ಒಮ್ಮೆ ಕೆಮ್ಮಿದ ಮೇಲೆ ನಲವತ್ತು ವರ್ಷದ ತಂಬಾಕೆಲ್ಲ ಎದೆಯಿಂದ ಎದ್ದು ಬಂತು. ಕಣ್ಣಲ್ಲಿ ನೀರು ಬರುವ ತನಕ ಕೆಮ್ಮಿದ.

ಪಾದ್ರಿ ಬಹಳ ಹೊತ್ತು ಹಾಗೇ ನಿಂತಿತ್ತು. ಇಂಥದು ಅದಕ್ಕೂ ಹೊಸತು. ಆಮೇಲೆ ಮುಂಗಾಲೂರಿ, ಅವನ ಟೋಪಿಯನ್ನು ಮೂಸಿ, ತಿರುಗಿ ಹೋಗಿ ಮೇಯತೊಡಗಿತು.

ಇಷ್ಟೇ ಬೇಕಾಗಿತ್ತು. ಹಿತ್ತಿಲಲ್ಲಿ ಒಂದೇ ಒಂದು ದಿನ, ಒಂದೇ ಒಂದು ಸಲ.

ಮಧ್ಯಾಹ್ನ ಮನೆಗೆ ಬಂದಾಗ, ಆ ವಾರವಷ್ಟೇ ಆಸ್ಪತ್ರೆಯಿಂದ ಬಂದಿದ್ದ ನೋಲಾ ಊರುಗೋಲನ್ನು ಮೇಜಿಗೆ ಒರಗಿಸಿ ಬಟಾಣಿ ಸುಲಿಯುತ್ತಿದ್ದಳು. ಅವನು ನಡೆದದ್ದನ್ನೆಲ್ಲ ಹೇಳಿದ. ತಲೆ ಬಗ್ಗಿಸಿದ್ದನ್ನೂ ಹೇಳಿದ.

"ಕಣ್ಣು ಹೋಗಿದ್ಯಾ?" ಎಂದು ಕೇಳಿದಳು.

"ಒಂದು. ಇನ್ನೊಂದು ಚೆನ್ನಾಗಿದೆ."

ಅವಳು ಇನ್ನೊಂದು ಕೋಡು ಬಿಡಿಸಿದಳು.

"ನೋಲಾ, ಆವತ್ತು ನಾನು..."

"ಕೈ ತೊಳ್ಕೊಂಡು ಬಾ. ಊಟ ಆರಿಹೋಗತ್ತೆ."

ಆ ಕ್ಷಣಕ್ಕೆ ಅವನಿಗೆ ಭಾರ ಇಳಿದಂತಾಯಿತು, ಕ್ಷಮಿಸಿದಳು ಎಂದುಕೊಂಡ. ಆದರೆ ವರ್ಷಗಳು ಕಳೆದಂತೆ ಆ ಮಾತಿನಲ್ಲಿ ಕ್ಷಮೆ ಇತ್ತೋ, ಕೇಳುವುದೇ ಬೇಡವೆಂಬ ದಣಿವಿತ್ತೋ ಎಂಬ ಅನುಮಾನ ಕೊರೆಯತೊಡಗಿತು. ಆವತ್ತು ಅರ್ಧಕ್ಕೆ ನಿಂತ ವಾಕ್ಯವನ್ನು ಮುಗಿಸಲು ಮುಂದೆ ಹನ್ನೊಂದು ವರ್ಷ ಸಮಯವಿತ್ತು. ಮುಗಿಸಲಿಲ್ಲ. ನೋಲಾ ಒಂದು ಚಳಿಗಾಲ ನ್ಯುಮೋನಿಯಾದಲ್ಲಿ ಹೋಗಿಬಿಟ್ಟಳು.

ಪಾದ್ರಿ ಅದಕ್ಕೂ ಎಷ್ಟೋ ಮೊದಲೇ ಕಣ್ಮರೆಯಾಗಿತ್ತು. ಮುಂದಿನ ಬೇಸಿಗೆಯ ಒಂದು ಭಾನುವಾರ ಹಿಂಡಿನಲ್ಲಿ ಕಾಣಲಿಲ್ಲ, ಅದರ ಮರುವಾರವೂ ಕಾಣಲಿಲ್ಲ. ಆರ್ಚಿ ಪೊದೆಗಳನ್ನೆಲ್ಲ ಹುಡುಕಿದ, ಮೂಳೆಯೂ ಸಿಗಲಿಲ್ಲ.

ಪಬ್ಬಿನಲ್ಲಿ ಹೊಸಬರು ಯಾರಾದರೂ ಬಂದರೆ ಕ್ಲೆಮ್ ಮರೆತು, "ಆರ್ಚಿ, ಆ ಕುಸ್ತಿ ಕತೆ ಹೇಳೋ" ಎಂದುಬಿಡುತ್ತಿದ್ದ. ಆರ್ಚಿ ಹೇಳುತ್ತಿರಲಿಲ್ಲ. ಅನಾಥ ಗಂಡುಮರಿ ಸಿಕ್ಕಿತೆಂದು ಯಾರಾದರೂ ಸಲಹೆ ಕೇಳಿ ಬಂದರೆ ಮಾತ್ರ, "ಒಂಟಿಯಾಗಿ ಸಾಕ್ಬೇಡ್ರಪ್ಪಾ. ಜೊತೆಗೆ ಇನ್ನೊಂದು ಮರಿ ಇರ್ಲಿ. ನೀವು ಮಾತ್ರ ಅದರ ಎದುರು ಕೈ ಎತ್ಬೇಡಿ" ಎನ್ನುತ್ತಿದ್ದ. ಯಾಕೆಂದು ಕೇಳಿದರೆ, ಟೋಪಿ ಎತ್ತಿಕೊಂಡು ಹೊರಗೆ ಹೊರಟುಬಿಡುತ್ತಿದ್ದ.