ಹಿಂದಿನ ಬೆಂಚಿನ ಮೌನವ್ರತ

ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಗಣಿತ ಬೋಧನೆ ಹೇಳಿಕೊಡುತ್ತಿದ್ದ ಆ ಮನುಷ್ಯನಿಗೆ ತಪ್ಪಿನ ಮೇಷ್ಟ್ರು ಎಂದೇ ಹೆಸರು. ಅವರು ತಪ್ಪು ಮಾಡುತ್ತಿದ್ದರೆಂದಲ್ಲ. ಹಾಗೆಂದು ಅವರ ಎದುರಿಗೆ ಅನ್ನುವ ಗಂಡೆದೆ ಯಾರಿಗೂ ಇರಲಿಲ್ಲ. ಕೆಲವರು ಅಂಚೆಚೀಟಿ ಕೂಡಿಡುವ ಹಾಗೆ ಇವರು ಮಕ್ಕಳ ತಪ್ಪು ಉತ್ತರಗಳನ್ನು ತಲೆಯಲ್ಲಿ ಕೂಡಿಡುತ್ತಿದ್ದರು. ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿಸಿ ಐದನೇ ಎರಡು ಎಂದ ಹುಡುಗನೊಬ್ಬನ ಉತ್ತರವನ್ನು ವಜ್ರದ ವ್ಯಾಪಾರಿಯ ಗತ್ತಿನಲ್ಲಿ ಎತ್ತಿ ತೋರಿಸುತ್ತಿದ್ದರು. "ಮೇಲಿಂದು ಮೇಲಕ್ಕೆ, ಕೆಳಗಿಂದು ಕೆಳಕ್ಕೆ. ಎಷ್ಟು ಅಚ್ಚುಕಟ್ಟು ನೋಡಿ. ನಿಮ್ಮಲ್ಲಿ ಒಬ್ಬರಿಗಾದ್ರೂ ಇಂಥ ತಪ್ಪು ಮಾಡೋ ಯೋಗ್ಯತೆ ಇದೆಯಾ?"

ಇರಲಿಲ್ಲ. ಅದೇ ಅವರ ಜೀವನದ ದೊಡ್ಡ ಸಂಕಟ. ನಾಳೆ ಮೇಷ್ಟ್ರಾಗುವವರು ಇವತ್ತು ಮಗುವಿನ ಹಾಗೆ ತಪ್ಪು ಮಾಡಬೇಕು, ಆಗಲೇ ಮಗುವಿನ ತಲೆಯೊಳಗೆ ಬಾಗಿಲು ತೆರೆಯುತ್ತದೆ ಎಂಬುದು ಅವರ ಸಿದ್ಧಾಂತ. ಪ್ರತಿ ಬುಧವಾರ ಕಪ್ಪುಹಲಗೆಯ ಮೇಲೆ ಲೆಕ್ಕ ಬರೆದು, "ತಪ್ಪಾಗಿ ಮಾಡಿ" ಎನ್ನುತ್ತಿದ್ದರು. ಪದವಿ ಮುಗಿಸಿ ಬಂದ ಯುವಕ ಯುವತಿಯರೆಲ್ಲ ಪೆನ್ನಿನ ತುದಿ ಕಚ್ಚುತ್ತ ಕೂರುತ್ತಿದ್ದರು. ಕೊನೆಗೆ ಒಬ್ಬ, "ನೂರ ಏಳು ಸರ್," ಎನ್ನುತ್ತಿದ್ದ.

"ಎಲ್ಲಿಂದ ಬಂತಪ್ಪಾ ನೂರ ಏಳು?"

"ಸುಮ್ನೆ ಸರ್. ತಪ್ಪು ಅಂದ್ರಲ್ಲ."

"ಇದು ತಪ್ಪಲ್ಲ, ಸೋಮಾರಿತನ. ತಪ್ಪಿಗೂ ಒಂದು ಮರ್ಯಾದೆ ಇದೆ. ಕೂತ್ಕೋ."

ಈ ರೋಗ ಮನೆಗೂ ಅಂಟಿತ್ತು. "ಹಾಲು ಉಕ್ತಾ ಇದೆ, ಬೇಗ ಒಲೆ ಆರಿಸ್ರೀ ಅಂದ್ರೆ, ಉಕ್ಕತ್ತೆ ಅಂತ ನಿಂಗೆ ಹೇಗೆ ಗೊತ್ತಾಯ್ತು ಅಂತ ಕೇಳ್ತಾರೆ," ಎಂದು ಹೆಂಡತಿ ತನ್ನ ತಂಗಿಯ ಹತ್ತಿರ ಫೋನಿನಲ್ಲಿ ಹೇಳಿಕೊಳ್ಳುತ್ತಿದ್ದಳು. "ನಾನು ಉತ್ತರ ಹೇಳಿ ಮುಗಿಸೋ ಹೊತ್ತಿಗೆ ಹಾಲೇ ಇರಲ್ಲ ಕಣೇ."

ಇಂಥ ಮಹಾನುಭಾವರು ಅಭ್ಯಾಸ ಪಾಠಗಳಿಗೆ ಒಂದು ಶಾಸನ ಹೊರಡಿಸಿದ್ದರು. ತರಬೇತಿಯವರು ಶಾಲೆಯಲ್ಲಿ ಪಾಠ ಮಾಡುವಾಗ ಹಿಂದಿನ ಬೆಂಚಿನಲ್ಲಿ ಕೂತು ನೋಡುವ ಪರೀಕ್ಷಕರು ತುಟಿ ಪಿಟಕ್ಕೆನ್ನಬಾರದು. ಪಿಟಕ್ಕೆಂದರೆ ಆ ಪಾಠ ರದ್ದು. ಮುಂದಿನ ವರ್ಷ ಮತ್ತೆ ಮಾಡಬೇಕು. ಮಧ್ಯೆ ಬಾಯಿ ಹಾಕಿ ಉತ್ತರ ದಾಟಿಸುವ ಕರುಣಾಳು ಸಹೋದ್ಯೋಗಿಗಳ ಕಾಟ ತಡೆಯಲಾರದೆ ಮಾಡಿದ ನಿಯಮವಿದು. ಒಮ್ಮೆ ಭೌತಶಾಸ್ತ್ರದವರು ಬರೀ "ಹ್ಞೂಂ" ಅಂದದ್ದಕ್ಕೂ ಪಾಠವೊಂದು ಬಲಿಯಾಗಿತ್ತು.

ಆ ವರ್ಷದ ತಂಡದಲ್ಲಿ ವಿಶ್ವವಿದ್ಯಾಲಯಕ್ಕೇ ಮೊದಲು ಬಂದ ಹುಡುಗಿಯೊಬ್ಬಳಿದ್ದಳು. ಎಲ್ಲರೂ ಅವಳನ್ನು ಪದಕ ಎಂದೇ ಕರೆಯುತ್ತಿದ್ದರು. ಪದಕಕ್ಕೆ ತಪ್ಪು ಮಾಡುವುದು ಸಾಧ್ಯವೇ ಇರಲಿಲ್ಲ. ಎಷ್ಟು ಹೆಣಗಿದರೂ ಸರಿ ಉತ್ತರವೇ ಹೊರಬಿದ್ದು, ಅವಳು ತಲೆ ತಗ್ಗಿಸಿ ನಿಲ್ಲುವಳು. ಮೊದಲ ಅಭ್ಯಾಸ ಪಾಠದಲ್ಲಿ ಮಗುವೊಂದು ತಪ್ಪು ಉತ್ತರ ಹೇಳಿದಾಗ ಅವಳು ಅದನ್ನು ಕೇಳಿಸಿಕೊಳ್ಳದವಳ ಹಾಗೆ ಕಿಟಕಿ ಮುಚ್ಚಲು ಹೋಗಿದ್ದಳು. ಆ ಪಾಠಕ್ಕೆ ಮೇಷ್ಟ್ರು ಪಾಸು ಕೊಟ್ಟಿರಲಿಲ್ಲ. ಈಗ ಕೊನೆಯ ಪಾಠ. ಇದರಲ್ಲಿ ದಾಟಿದರೆ ಪ್ರಮಾಣಪತ್ರ. ಶಾಲೆಯೊಂದು ಅವಳಿಗಾಗಿ ಕೆಲಸ ಕಾದಿಟ್ಟಿತ್ತು. ದಾಟದಿದ್ದರೆ ಆ ಕೆಲಸ ಇನ್ನೊಬ್ಬರ ಪಾಲು.

"ನೋಡಮ್ಮಾ," ಎಂದಿದ್ದರು ಮೇಷ್ಟ್ರು ಹಿಂದಿನ ದಿನ. "ತಪ್ಪು ಉತ್ತರ ಬಂದರೆ ಹೇಗೆ ಬಂತು ಅಂತ ಕೇಳು. ಕೇಳಿ ಸುಮ್ನೆ ನಿಂತ್ಕೋ. ಕಾಯ್ತಾ ಇರು. ಗಂಟಲು ಒಣಗಲಿ, ಪರವಾಗಿಲ್ಲ."

ಏಳನೇ ತರಗತಿ. ಹಿಂದಿನ ಬೆಂಚಿನಲ್ಲಿ ಎಡಕ್ಕೆ ಮೇಷ್ಟ್ರು, ಬಲಕ್ಕೆ ಹೊರಗಿನಿಂದ ಬಂದ ಪರೀಕ್ಷಕಿ: ನಿವೃತ್ತ ಮುಖ್ಯೋಪಾಧ್ಯಾಯಿನಿ, ಎಲ್ಲರ ಬಾಯಲ್ಲೂ ದೊಡ್ಡ ಮೇಡಂ. ಮಕ್ಕಳಿಗೆಂದು ಮಾಡಿದ ಆ ಬೆಂಚಿನಲ್ಲಿ ಇಬ್ಬರ ಮೊಣಕಾಲೂ ಎದೆಗೆ ತಾಗುತ್ತಿತ್ತು. ಪದಕ ಹಲಗೆಯ ಮೇಲೆ 0.4 ಮತ್ತು 0.35 ಎಂದು ಬರೆದು, "ಯಾವುದು ದೊಡ್ಡದು?" ಎಂದಳು.

ಮುಂದೆ ಕೂತಿದ್ದ ಎರಡು ಜಡೆಯ ಹುಡುಗಿ ಎದ್ದಳು. "ಪಾಯಿಂಟ್ ಮೂವತ್ತೈದು, ಮಿಸ್."

ಮೇಷ್ಟ್ರ ಕಣ್ಣು ಅರಳಿತು. ಶುದ್ಧ ತಪ್ಪು, ಅಪ್ಪಟ ಮಾಲು.

"ಹೇಗೆ ಬಂತು?" ಎಂದಳು ಪದಕ.

"ನಾಲ್ಕಕ್ಕಿಂತ ಮೂವತ್ತೈದು ದೊಡ್ಡದಲ್ವಾ ಮಿಸ್?"

ಪದಕ ಕಾದಳು. ಇಡೀ ತರಗತಿ ಅವಳ ಮುಖ ನೋಡಿತು. ಅವಳು ಇನ್ನೂ ಕಾದಳು. ಫ್ಯಾನು ಕಿರ್ರೆಂದಿತು. ಯಾರೋ ಮೂಗು ಎಳೆದರು. ಹಿಂದಿನ ಬೆಂಚಿನಲ್ಲಿ ಮಹಾಯುದ್ಧವೇ ಆರಂಭವಾಗಿತ್ತು. ಮೇಷ್ಟ್ರು ಮೊದಲು ಕೆಳತುಟಿ ಕಚ್ಚಿದರು, ಆಮೇಲೆ ಕರವಸ್ತ್ರ. ಈ ಹುಡುಗಿ ಸುಮ್ಮನಿರುವುದು ಕಾಯುವುದಕ್ಕೋ, ಅಥವಾ ಕಲ್ಲಾಗಿಬಿಟ್ಟಿದ್ದಾಳೋ? ಕೆಲಸ ಹೋಗುತ್ತದಲ್ಲ ಪುಣ್ಯಾತ್ಗಿತ್ತಿ, ಏನಾದರೂ ಅನ್ನಬಾರದೇ? ಅವರ ಎದೆಯೊಳಗೆ ಏನೋ ಹಾಲಿನ ಹಾಗೆ ಉಕ್ಕಿ ಉಕ್ಕಿ ಅಂಚಿಗೆ ಬಂತು.

"ನಾಲ್ಕೇ ದೊಡ್ಡದು, ಪಕ್ಕಕ್ಕೊಂದು ಸೊನ್ನೆ ಹಾಕಿ ನೋಡಮ್ಮಾ."

ಇಡೀ ತರಗತಿ ಹಿಂದೆ ತಿರುಗಿತು. ದೊಡ್ಡ ಮೇಡಂ ಪೆನ್ನಿನ ಮುಚ್ಚಳ ಹಾಕಿದರು. ತಮ್ಮ ಕೈಯಾರೆ ಹುಡುಗಿಯ ಕತ್ತು ಕೊಯ್ದದ್ದು ಮೇಷ್ಟ್ರಿಗೆ ಗೊತ್ತಾದದ್ದು ಆಗಲೇ.

ಪದಕ ಮಾತ್ರ ಅತ್ತ ಇತ್ತ ನೋಡಲಿಲ್ಲ. ಮೇಷ್ಟ್ರನ್ನು ತರಗತಿಗೆ ಹೊಸದಾಗಿ ಸೇರಿದ ಹುಡುಗನೊಬ್ಬನನ್ನು ನೋಡುವ ಹಾಗೆ ನೋಡಿ, "ಹೇಗೆ ಬಂತು? ಎದ್ದು ನಿಂತು ಹೇಳಿ," ಎಂದಳು.

ಮೇಷ್ಟ್ರು ಎದ್ದರು. ಬೆಂಚು ಅವರ ತೊಡೆಗೆ ಅಂಟಿಕೊಂಡು ಅರ್ಧ ಜೊತೆಗೇ ಎದ್ದಿತು. "ಸೊನ್ನೆ ಹಾಕಿದರೆ ಪಾಯಿಂಟ್ ನಾಲ್ಕು ಸೊನ್ನೆ. ನಲವತ್ತು, ಮೂವತ್ತೈದಕ್ಕಿಂತ ದೊಡ್ಡದು."

"ಸೊನ್ನೆ ಹಾಕಿದ್ರೆ ನಾಲ್ಕು ನಲವತ್ತಾಗಿ ಬೆಳೀತು ಸರ್," ಎಂದ ಪಕ್ಕದ ಬೆಂಚಿನಲ್ಲಿದ್ದ ಗುಂಡಣ್ಣನೆಂಬ ಹುಡುಗ. "ನೀವೇ ಬೆಳೆಸಿ ನೀವೇ ದೊಡ್ಡದು ಅಂದ್ರೆ ಹೇಗೆ?"

"ಬೆಳೆಯಲ್ಲಪ್ಪಾ. ಬೆಲೆ ಬದಲಾಗಲ್ಲ."

"ಯಾಕೆ?"

ದಶಾಂಶ, ಶತಾಂಶ, ಸ್ಥಾನಬೆಲೆ ಎಂದು ಮೇಷ್ಟ್ರು ಗದ್ದಲ ಎಬ್ಬಿಸಿದರು. ಮಕ್ಕಳ ಕಣ್ಣುಗಳ ಮೇಲೆ ಪರದೆ ಇಳಿಯಿತು. ಆಗ ಪದಕ ಮೂಲೆಯಲ್ಲಿದ್ದ ಮೀಟರ್ ಕೋಲು ತಂದು ಎರಡು ಜಡೆಯವಳ ಕೈಗಿಟ್ಟಳು. "ಇದನ್ನ ಹತ್ತು ಸಮಪಾಲು ಮಾಡಿ, ನಾಲ್ಕು ಪಾಲು ತೋರಿಸು." ಹುಡುಗಿ ಬೆರಳಿನಲ್ಲಿ ಅಳೆದು ನಲವತ್ತು ಸೆಂಟಿಮೀಟರಿನ ಗೆರೆಗೆ ಬಂದು ನಿಂತಳು. "ಈಗ ನೂರು ಪಾಲಿನಲ್ಲಿ ಮೂವತ್ತೈದು." ಬೆರಳು ಹಿಂದಕ್ಕೆ ಸರಿಯಿತು. ಹುಡುಗಿ ಕೋಲನ್ನೂ ಹಲಗೆಯನ್ನೂ ಒಂದೆರಡು ಸಲ ನೋಡಿದಳು.

"ನಂದು ಚಿಕ್ಕದು ಮಿಸ್. ನಂದು ಸಣ್ಣ ಪಾಲು." ಆಮೇಲೆ ಹಿಂದಿನ ಬೆಂಚಿನತ್ತ ತಿರುಗಿ ಕನಿಕರದಿಂದ ಸೇರಿಸಿದಳು: "ಆ ಸರ್ ಉತ್ತರಾನೂ ಸರೀನೇ. ಯಾಕೆ ಅಂತ ಅವರಿಗೆ ಹೇಳಕ್ಕೆ ಬರಲಿಲ್ಲ ಅಷ್ಟೇ."

ಗಂಟೆ ಹೊಡೆಯಿತು. ಸಿಬ್ಬಂದಿ ಕೊಠಡಿಯಲ್ಲಿ ದೊಡ್ಡ ಮೇಡಂ ಚಹಾ ಕುಡಿಯುತ್ತ, "ನಿಯಮ ನಿಮ್ಮದೇ ಮೇಷ್ಟ್ರೇ. ರದ್ದು ಅಂತ ಬರೀಲಾ?" ಎಂದರು.

"ಬರೀಬೇಡಿ."

"ಭೌತಶಾಸ್ತ್ರದವರು 'ಹ್ಞೂಂ' ಅಂದಾಗ ಬರೆಸಿದ್ರಂತೆ."

ಮೇಷ್ಟ್ರು ಪೇಚಿಗೆ ಸಿಕ್ಕಿದರು. ನಿಯಮ ಮುರಿಯುವಂತಿಲ್ಲ, ಹುಡುಗಿಯನ್ನು ಮುಳುಗಿಸುವಂತಿಲ್ಲ. ಪರೀಕ್ಷಕ ಮಾತಾಡಿದರೆ ಪಾಠ ರದ್ದು, ಸರಿ. ಪರೀಕ್ಷಕನೇ ಅಲ್ಲದವನು ಮಾತಾಡಿದರೆ? ಅವರು ಅಂಕಪಟ್ಟಿ ಎಳೆದುಕೊಂಡು ತಮ್ಮ ಹೆಸರಿನ ಮೇಲೆ ದಪ್ಪನೆಯ ಗೆರೆ ಎಳೆದರು. "ನಾನು ಇವತ್ತು ಪರೀಕ್ಷಕ ಅಲ್ಲ, ಏಳನೇ ತರಗತಿ. ಅಂಕ ಪೂರ್ತಿ ನೀವೇ ಕೊಡಿ. ಭೌತಶಾಸ್ತ್ರದವರ ಹತ್ತಿರ ನಾನೇ ಹೋಗಿ ಬೈಸ್ಕೊಂಡು ಬರ್ತೀನಿ."

ದೊಡ್ಡ ಮೇಡಂ ಬರೆದ ಅಂಕ ನೋಡಿ ಮೇಷ್ಟ್ರ ಹುಬ್ಬು ಮೇಲೇರಿತು. "ಇಷ್ಟೊಂದಾ? ಕೋಲು ತರೋದು ತಡ ಮಾಡಿದಳು. ನಾನಾಗಿದ್ರೆ ನಾಲ್ಕು ಕಡಿಮೆ."

"ಏಳನೇ ತರಗತಿಯೋರು ಅಂಕ ಕೊಡಲ್ಲ," ಎಂದರು ಮೇಡಂ.

ಪದಕ ಬಾಗಿಲಲ್ಲಿ ನಿಂತಿದ್ದಳು, ಕೈತುಂಬ ಸೀಮೆಸುಣ್ಣದ ಪುಡಿ. "ಸರ್, ಪಾಸಾ?"

"ಪಾಸು," ಎಂದರು ಮೇಷ್ಟ್ರು, ಯಾರೋ ತಮ್ಮ ಹಲ್ಲು ಕೀಳುತ್ತಿರುವ ಹಾಗೆ. "ಒಂದು ಹೇಳಮ್ಮಾ. ಅಷ್ಟು ಹೊತ್ತು ಸುಮ್ನೆ ನಿಂತಿದ್ದೆಯಲ್ಲ, ಕಾಯ್ತಾ ಇದ್ದೆಯೋ, ಏನು ಕೇಳಬೇಕು ಅಂತ ಗೊತ್ತಾಗ್ಲಿಲ್ವೋ?"

ಪದಕ ಪ್ರಾಮಾಣಿಕವಾಗಿ ಯೋಚಿಸಿದಳು. "ಗೊತ್ತಾಗ್ಲಿಲ್ಲ ಸರ್. ನೀವು ಬಾಯಿಬಿಟ್ಟಿದ್ದು ಒಳ್ಳೇದೇ ಆಯ್ತು."

ಮೇಷ್ಟ್ರು ಹಣೆ ಚಚ್ಚಿಕೊಂಡು ಭೌತಶಾಸ್ತ್ರ ವಿಭಾಗದ ಕಡೆಗೆ ನಡೆದರು.