ಸಾಲಿನ ಕೊನೆಯ ಡಬ್ಬಿ

ಮಾನ್ವಿಯ ಸೂಫಿಯಾ ಬರೆದ ‘ಪಾಳಿ’ ಬರೀ ಒಂಬೈನೂರು ಸಾಲಿನ ಪ್ರೋಗ್ರಾಂ. ಬೆರಳಿನ ಉಗುರಿನಷ್ಟಿರುವ ಚಿಪ್‌ನೊಳಗೆ ಕೂತು ಅದು ಮಾಡುವುದು ಒಂದೇ ಕೆಲಸ: ಸಾಲಿನಲ್ಲಿ ಯಾರ ಕೆಲಸ ಬಂದಿದೆ ನೋಡು, ಮಾಡಿ ಮುಗಿಸು, ಮತ್ತೆ ಸಾಲಿನತ್ತ ನೋಡು. ಪ್ರೋಗ್ರಾಂ ಬರೆಯುವವರು ಇದಕ್ಕೆ ಇವೆಂಟ್ ಲೂಪ್ ಅನ್ನುತ್ತಾರೆ. ದೊಡ್ಡ ದೊಡ್ಡ ಲೂಪುಗಳು ಬೇಕಾದಷ್ಟಿದ್ದವು. ಸಣ್ಣ ಚಿಪ್‌ಗೆ ಹೊರೆಯಾಗದಂಥದ್ದು ಒಂದಿರಲಿ ಎಂದು ಇವಳೇ ಬರೆದು, ಯಾರು ಬೇಕಾದರೂ ಬಳಸಿಕೊಳ್ಳಲಿ ಎಂದು ಇಂಟರ್ನೆಟ್ಟಿನಲ್ಲಿ ಇಟ್ಟಳು. ರಾಯಚೂರಿನ ಡಿಪ್ಲೊಮಾ ಕಾಲೇಜಿನಲ್ಲಿ ಪಾಠ ಹೇಳುತ್ತ, ದಿನಾ ಎರಡು ಹೊತ್ತು ಬಸ್ಸಿನಲ್ಲಿ ನೇತಾಡುತ್ತ ಮನೆ ಸೇರುವ ಮೂವತ್ತಾರರ ಹೆಂಗಸು ಅದನ್ನು ಬರೆದವಳೆಂದು ಬಳಸಿದವರಿಗೆ ಗೊತ್ತಿರಲಿಲ್ಲ. ಅವಳಿಗೂ ಹೇಳಿಕೊಂಡು ತಿರುಗುವ ಚಟ ಇರಲಿಲ್ಲ.

ಪಾಳಿ ಎಂಬ ಹೆಸರು ಮನೆಯ ಹಿಟ್ಟಿನ ಗಿರಣಿಯಿಂದ ಬಂದದ್ದು. ಗಿರಣಿ ತಂದೆ ಪೀರಾ ಸಾಬರ ಹೆಸರಿನಲ್ಲಿತ್ತು, ನಡೆಸುತ್ತಿದ್ದವರು ತಾಯಿ ರಜಿಯಾ ಬೇಗಂ. ಓಣಿಯ ಹೆಂಗಸರು ಜೋಳದ ಡಬ್ಬಿಯನ್ನು ಸಾಲಿನಲ್ಲಿಟ್ಟು ಮನೆಗೆ ಹೋಗಿಬಿಡುತ್ತಿದ್ದರು. ಅವರ ಬದಲು ಡಬ್ಬಿ ಪಾಳಿ ಕಾಯುತ್ತಿತ್ತು. ಬಾಣಂತಿ ಇರುವ ಮನೆಯವರೋ, ಏಕಾಏಕಿ ಬೀಗರು ಬಂದಿಳಿದ ಮನೆಯವರೋ ಬಂದರೆ ರಜಿಯಾ ಬೇಗಂ ಅವರ ಡಬ್ಬಿಯನ್ನು ಮುಂದಕ್ಕೆ ಬಿಡುತ್ತಿದ್ದರು. ಯಾರೂ ತಕರಾರು ತೆಗೆಯುತ್ತಿರಲಿಲ್ಲ. ಮೂಲೆಯಲ್ಲಿ ಕೂತು ಲೆಕ್ಕ ಬಿಡಿಸುತ್ತಿದ್ದ ಹುಡುಗಿ ಸೂಫಿಯಾ ಇದನ್ನು ನೋಡುತ್ತ ಬೆಳೆದಳು. ಪಾಳಿಯಲ್ಲೂ ಹಾಗೇ ಬರೆದಳು: ತುರ್ತಿನ ಕೆಲಸ ಬಂದರೆ ಅದು ಸಾಲಿನ ಮುಂದಕ್ಕೆ. ಫೋನ್ ಮಾಡಿದ ಮನುಷ್ಯನನ್ನು ಕಾಯಿಸುವುದು ಮರ್ಯಾದೆಯಲ್ಲ ಎಂದು ಫೋನಿನ ಕರೆಗಳನ್ನೆಲ್ಲ ತುರ್ತಿಗೇ ಸೇರಿಸಿದಳು.

ಆ ಮರ್ಯಾದೆಯೇ ಒಂದು ಭಾನುವಾರ ಅವಳ ಕುತ್ತಿಗೆಗೆ ಬಂತು.

ದೇವದುರ್ಗದ ಶಿವರಾಜ ಅವಳ ಹಳೆಯ ವಿದ್ಯಾರ್ಥಿ, ಈಗ ಮೋಟರ್ ರಿಪೇರಿ ಅಂಗಡಿಯ ಮಾಲೀಕ. ಪಾಳಿಯನ್ನು ಬಳಸಿ ಅವನೊಂದು ಪೆಟ್ಟಿಗೆ ಮಾಡಿದ್ದ. ಅದರೊಳಗೆ ಸಿಮ್ಮು, ಬ್ಯಾಟರಿ. ಹೊಲದ ಶೆಡ್ಡಿನಲ್ಲಿ ಮೋಟರಿನ ಬೋರ್ಡಿನ ಪಕ್ಕ ಅದನ್ನು ಕೂಡಿಸಿ, ಮನೆಯಿಂದ ಮಿಸ್ ಕಾಲ್ ಕೊಟ್ಟರೆ ಮೋಟರ್ ಶುರುವಾಗುತ್ತದೆ. ಕರೆಂಟ್ ಇಲ್ಲದಿದ್ದರೆ ನೆನಪಿಟ್ಟುಕೊಂಡು, ಬಂದ ಕೂಡಲೇ ಶುರು ಮಾಡುತ್ತದೆ. ಕರೆ ಮಾಡಿದವರಿಗೆ ಮೋಟರು, ಗುಂಡಿ ಯಾವ ಸ್ಥಿತಿಯಲ್ಲಿವೆ ಎಂದು ಮೆಸೇಜನ್ನೂ ಕಳಿಸುತ್ತದೆ. ಮೇಲೊಂದು ಕೆಂಪು ಗುಂಡಿ. ಅದನ್ನು ಒತ್ತಿದರೆ, ಮನುಷ್ಯ ಮೋಟರಿಗೆ ಕೈ ಹಾಕಿದ್ದಾನೆ, ಕರೆಂಟ್ ಬಂದರೂ ಶುರು ಮಾಡಬೇಡ ಎಂದು ಅರ್ಥ; ಪೆಟ್ಟಿಗೆ ಅದನ್ನು ಒಪ್ಪಿಕೊಂಡ ಗುರುತಿಗೆ ಕೆಂಪು ದೀಪ ಹತ್ತುತ್ತದೆ. ಮೊದಲೆಲ್ಲ ರೈತರು ಮೋಟರ್ ಮುಟ್ಟುವ ಮುಂಚೆ ಮೂರೂ ಫ್ಯೂಜು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಗುಂಡಿ ಬಂದ ಮೇಲೆ ಆ ರೂಢಿ ಬಿಟ್ಟುಹೋಯಿತು.

ಆ ಭಾನುವಾರ ಚಹಾ ಕುಡಿಯುತ್ತ ಸೂಫಿಯಾ ಶಿವರಾಜ ಕಳಿಸಿದ್ದ ಮಾತಿನ ಮೆಸೇಜ್ ಕೇಳಿದಳು. “ಮೇಡಂ, ಜಾಲಹಳ್ಳಿ ಬೂದೆಪ್ಪ ಕಾಕಾ ಒಂದು ಕಂಪ್ಲೇಂಟ್ ಹೇಳ್ಯಾರ. ಕೆಂಪು ಗುಂಡಿ ಒತ್ತಿದ್ರ ದೀಪ ಭಾಳ ತಡಾ ಮಾಡಿ ಹತ್ತತದಂತ. ಬಲ್ಬ್ ಹಾಳಾಗ್ಯದ ಅನಸ್ತದ, ಅರ್ಜೆಂಟ್ ಇಲ್ಲ.”

ಬಲ್ಬು ತಡ ಮಾಡುವುದಿಲ್ಲ. ಹತ್ತಿದರೆ ಹತ್ತಿತು, ಇಲ್ಲದಿದ್ದರೆ ಇಲ್ಲ. ತಡ ಮಾಡುತ್ತಿದ್ದರೆ ಅದು ಪಾಳಿಯೇ. ಚಹಾ ಅಲ್ಲೇ ಬಿಟ್ಟು ಅವಳು ಲ್ಯಾಪ್‌ಟಾಪ್ ತೆರೆದಳು. ಹತ್ತು ನಿಮಿಷದಲ್ಲಿ ತಪ್ಪು ಕಣ್ಣಿಗೆ ಬಿತ್ತು. ಒಂದು ಕರೆ ಬಂದರೆ ನಂಬರ್ ಹುಡುಕಿ ಉತ್ತರ ಕೊಡಲು ಪೆಟ್ಟಿಗೆಗೆ ಐದಾರು ಸೆಕೆಂಡು ಬೇಕು. ಅಷ್ಟರಲ್ಲಿ ಇನ್ನೊಂದು ಕರೆ ಬಂದರೆ ಅದೂ ಮುಂದಕ್ಕೆ, ಮತ್ತೊಂದು ಬಂದರೆ ಅದೂ ಮುಂದಕ್ಕೆ. ಕೆಂಪು ಗುಂಡಿ ಸಾಲಿನ ಕೊನೆಯಲ್ಲಿ ನಿಂತೇ ಇರುತ್ತದೆ. ಅದರ ಪಾಳಿ ಬರುವ ಮೊದಲೇ ಕರೆಂಟ್ ಬಂದರೆ ಮೋಟರ್ ಶುರುವಾಗಿಬಿಡುತ್ತದೆ. ಅವಳು ಪರೀಕ್ಷೆ ಮಾಡಿದ್ದು ಒಂದೇ ಫೋನಿನಿಂದ. ಬೂದೆಪ್ಪನದು ನಾಲ್ಕು ಮನೆಯವರ ಪಾಲಿನ ಮೋಟರ್, ನಾಲ್ಕು ಫೋನು. ಕರೆಂಟ್ ಬರುವ ಹೊತ್ತಿಗೆ ನೀರು ತಮ್ಮ ಹೊಲಕ್ಕೇ ಮೊದಲು ಬರಲೆಂದು ನಾಲ್ಕೂ ಮನೆಯವರು ಪೈಪೋಟಿಗೆ ಬೀಳುತ್ತಾರೆ. ಒಂದು ಸಲ ಫೋನ್ ಹೊಡೆದು ಸುಮ್ಮನೆ ಕೂರುವುದು ನಮ್ಮ ಕಡೆಯವರ ಜಾಯಮಾನವಲ್ಲ.

ಅವಳು ಕೂಡಲೇ ಶಿವರಾಜನಿಗೆ ಫೋನ್ ಮಾಡಿದಳು. “ಶಿವರಾಜಾ, ಆ ಹೊಲಕ್ಕ ಕರೆಂಟ್ ಎಷ್ಟಕ್ಕ ಬರ್ತದ?”

“ಹನ್ನೊಂದಕ್ಕ ಮೇಡಂ. ಯಾಕ್ರಿ?”

“ಬೂದೆಪ್ಪನವರು ಈಗ ಎಲ್ಲಿ ಅದಾರ?”

ಶಿವರಾಜ ಬೂದೆಪ್ಪನ ಹೆಂಡತಿ ಗದ್ದೆಮ್ಮನಿಗೆ ಫೋನ್ ಮಾಡಿ ತಿಳಿದುಕೊಂಡು ಮತ್ತೆ ಕರೆ ಮಾಡಿದಾಗ ಅವನ ದನಿ ಬದಲಾಗಿತ್ತು. ಪಂಪು ಸೋರುತ್ತಿದೆ, ಕರೆಂಟ್ ಬರುವುದರೊಳಗೆ ತಿರುಗುವ ದಂಡದ ಸುತ್ತ ಹೊಸ ದಾರ ಸುತ್ತಿ ಬರುತ್ತೇನೆಂದು ಬೂದೆಪ್ಪ ಬಾವಿಗೆ ಇಳಿದಿದ್ದ. ಗುಂಡಿ ಒತ್ತಿರುತ್ತಾನೆ, ತಡವಾಗಿ ಹತ್ತುವ ದೀಪಕ್ಕೆ ಕಾದಿರುವುದಿಲ್ಲ. ಫೋನನ್ನು ಎಂದಿನಂತೆ ಅಂಗಿಯ ಜೊತೆ ಮೇಲೆ ಬೇವಿನ ಗಿಡಕ್ಕೆ ನೇತುಹಾಕಿರುತ್ತಾನೆ. ರಿಂಗಾದರೂ ಕೆಳಗೆ ಕೇಳುವುದಿಲ್ಲ. ಗಂಟೆ ಹತ್ತೂ ನಲವತ್ತು. ಊರಿನಿಂದ ಆ ಹೊಲಕ್ಕೆ ಬೈಕಿನಲ್ಲಿ ಹೋದರೂ ಅರ್ಧ ತಾಸಿನ ಕೆಟ್ಟ ದಾರಿ.

ಮೋಟರ್ ತಿರುಗಿತೆಂದರೆ ಆ ದಂಡದ ಬಳಿ ಇರುವ ಕೈ ಉಳಿಯುವುದಿಲ್ಲ.

“ನಾ ಪೆಟ್ಟಿಗಿಗೇ ನಾಕು ಸಲ ಹೊಡದೆ ಮೇಡಂ, ಗುಂಡಿ ಬಿದ್ದದೋ ಇಲ್ಲೋ ಮೆಸೇಜ್ ಬರಲಿ ಅಂತ. ಗದ್ದೆಮ್ಮಗೂ ಹೊಡಿ ಅಂತ ಹೇಳೀನಿ.”

ಸೂಫಿಯಾಳ ಬೆರಳೂ ಅದೇ ನಂಬರಿನ ಮೇಲಿತ್ತು. ಅಷ್ಟರಲ್ಲಿ ಅವಳಿಗೆ ಹೊಳೆಯಿತು. ಇವರು ಗಾಬರಿಯಿಂದ ಹೊಡೆದ ಒಂದೊಂದು ಕರೆಯೂ ಗುಂಡಿಯ ಮುಂದೆ ಹೋಗಿ ನಿಲ್ಲುತ್ತಿತ್ತು. ಬೂದೆಪ್ಪನನ್ನು ಉಳಿಸಲು ಹೊರಟವರೇ ಅವನ ಪಾಳಿಯನ್ನು ಹಿಂದಕ್ಕೆ ತಳ್ಳುತ್ತಿದ್ದರು.

“ಯಾರೂ ಹೊಡೀಬ್ಯಾಡ್ರಿ!” ಎಂದು ಅವಳು ಕಿರುಚಿದಳು. “ನೀನೂ ಬ್ಯಾಡ, ಗದ್ದೆಮ್ಮನೂ ಬ್ಯಾಡ. ಉಳಿದ ಮೂರೂ ಮನಿಗಿ ಹೇಳು, ಆ ನಂಬರ್ ಮುಟ್ಟಬ್ಯಾಡ್ರಿ ಅಂತ. ಸುಮ್ಮನ ಬಿಟ್ರ ಮಾತ್ರ ಅದು ಗುಂಡಿತನ ಬರ್ತದ.”

ಎರಡು ಮನೆಯವರು ಕೂಡಲೇ ಸಿಕ್ಕರು. ಅವರಲ್ಲಿ ವೀರಭದ್ರಮ್ಮ ಎಂಬಾಕೆ ‘ಹಂಗಾದ್ರ ನೀರು ಅವರಿಗೇ ಹೋಗ್ತದಲ್ಲ’ ಎಂದು ಅಷ್ಟರಲ್ಲೂ ಗೊಣಗಿದಳಂತೆ. ಸಿಗದವನು ಮೂರನೆಯ ಮನೆಯ ಅಂಜಿನೇಯ. ಅವನ ಫೋನ್ ಎಷ್ಟು ಸಲ ಮಾಡಿದರೂ ಬಿಜಿ. ಬಿಜಿ ಏಕೆಂದರೆ ಅವನು ಬಿಡದೆ ಪೆಟ್ಟಿಗೆಗೇ ಹೊಡೆಯುತ್ತಿದ್ದ.

ಗಂಟೆ ಹತ್ತೂ ಐವತ್ತು.

“ಗದ್ದೆಮ್ಮನ್ನ ಅಂಜಿನೇಯನ ಮನಿಗಿ ಓಡ್ಸು,” ಎಂದಳು ಸೂಫಿಯಾ. “ಫೋನ್ ಕೈಯಾಗಿಂದ ಕಸಗೊಳ್ಳಲಿ.”

ಐದು ನಿಮಿಷದ ಮೇಲೆ ಶಿವರಾಜನ ಉತ್ತರ ಬಂತು: ಗದ್ದೆಮ್ಮ ಕಸಿದುಕೊಂಡಳು, ಸ್ವಿಚ್ ಆಫ್ ಮಾಡಿದಳು, ಅಂಜಿನೇಯನ ಬೈಕಿನ ಹಿಂದೆ ಕೂತು ಹೊಲಕ್ಕೆ ಹೊರಟಳು. ಈಗ ಉಳಿದದ್ದು ಐದೇ ನಿಮಿಷ. ಸಾಲಿನಲ್ಲಿ ಆಗಲೇ ಸೇರಿಕೊಂಡ ಕರೆಗಳು ಎಷ್ಟೋ ಯಾರಿಗೆ ಗೊತ್ತು. ಒಂದು ಕರೆ ಮಾಡಿದರೆ ಪೆಟ್ಟಿಗೆಯೇ ತಿಳಿಸುತ್ತದೆ. ಆದರೆ ಆ ಒಂದು ಕರೆಯನ್ನೇ ಮಾಡುವಂತಿಲ್ಲ. ಸೂಫಿಯಾ ಫೋನನ್ನು ದಿಂಬಿನ ಕೆಳಗಿಟ್ಟು ದಿಂಬಿನ ಮೇಲೆ ಕೈ ಒತ್ತಿ ಕೂತಳು.

“ಕ್ಯಾ ಹುವಾ ಬೇಟಿ?” ಎನ್ನುತ್ತ ರಜಿಯಾ ಬೇಗಂ ಪಕ್ಕಕ್ಕೆ ಬಂದು ಕೂತರು. ಸೂಫಿಯಾ ಡಬ್ಬಿಗಳ ಲೆಕ್ಕದಲ್ಲೇ ಎಲ್ಲ ಹೇಳಿದಳು: ಒಬ್ಬರ ಹಿಂದೊಬ್ಬರು ಮುಂದೆ ನುಗ್ಗಿದರು, ಕೊನೆಯ ಡಬ್ಬಿ ಹಾಗೇ ಉಳಿಯಿತು, ಅದರಲ್ಲಿ ಒಬ್ಬ ಮನುಷ್ಯನ ಕೈ ಇದೆ. “ನೀವು ಮಾಡಿದಂಗೇ ಮಾಡೀನಿ ಅಮ್ಮೀ,” ಎಂದು ಅತ್ತಳು.

ಮನೆಯಲ್ಲಿ ದಖನಿ ಉರ್ದುವನ್ನೇ ಆಡುವ ರಜಿಯಾ ಬೇಗಂ ಗಿರಣಿಯ ಮಾತು ಬಂದರೆ ತಮಗೆ ತಿಳಿಯದೆ ಕನ್ನಡಕ್ಕೆ ಹೊರಳುತ್ತಿದ್ದರು. “ನಾ ಹಂಗ ಎಲ್ಲಿ ಮಾಡ್ತಿದ್ದೆ? ಒಬ್ಬಾಕಿನ ಮುಂದ ಬಿಟ್ರ, ಆಕಿದು ಮುಗದ ಕೂಡಲೇ ಸಾಲಿನಾಗಿಂದ ಒಂದು ಡಬ್ಬಿ ಬೀಸೇ ಬೀಸ್ತಿದ್ದೆ. ಆಮ್ಯಾಲೇ ಇನ್ನೊಬ್ಬಾಕಿ, ಬಾಣಂತಿ ಇರಲಿ ಯಾರೇ ಇರಲಿ. ಇಲ್ಲಂದ್ರ ಕಡೀಗಿ ಇಟ್ಟಾಕಿ ಮನ್ಯಾಗ ಒಲಿ ಹತ್ತತಿತ್ತೇನು?”

“ನಾ ಅದನ್ನ ನೋಡೇ ಇಲ್ಲ.”

“ನೀ ಮುಂದ ಬಂದವರನ್ನ ಅಷ್ಟ ನೋಡಿದ್ದಿ.”

ತಾಯಿ ಬೈಯಲಿಲ್ಲ, ಇದ್ದದ್ದನ್ನು ಹೇಳಿದರು ಅಷ್ಟೆ. ಸೂಫಿಯಾಳಿಗೆ ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು. ಗೋಡೆ ಗಡಿಯಾರದಲ್ಲಿ ಹನ್ನೊಂದಾಯಿತು. ಹನ್ನೊಂದೂ ಐದಾಯಿತು. ರಜಿಯಾ ಬೇಗಂ ತುಟಿಯಲ್ಲೇ ಏನೋ ಓದುತ್ತಿದ್ದರು.

ಹನ್ನೊಂದೂ ಇಪ್ಪತ್ತೇಳಕ್ಕೆ ದಿಂಬಿನ ಕೆಳಗೆ ಫೋನ್ ಅಲುಗಿತು. ಶಿವರಾಜ ಗದ್ದೆಮ್ಮನನ್ನೂ ಕರೆಗೆ ಸೇರಿಸಿದ್ದ. ಆಕೆಗೆ ಉಸಿರು ಸಿಗುತ್ತಿರಲಿಲ್ಲ.

“ಎರಡೂ ಕೈ ಅದಾವ ಯವ್ವಾ. ದಾರ ಸುತ್ತಾಕತ್ಯಾರ. ಯಾಕ ಬಂದಿ ಅಂತ ನನಗೇ ಬೈತಾರ.”

ಕರೆಂಟ್ ಹನ್ನೊಂದಕ್ಕೇ ಬಂದಿತ್ತು. ಪೆಟ್ಟಿಗೆ ಮೋಟರನ್ನು ತಡೆದು ನಿಲ್ಲಿಸಿತ್ತು. ಕೆಂಪು ದೀಪ ಎಷ್ಟು ಹೊತ್ತಿಗೆ ಹತ್ತಿತೆಂದು ನೋಡಿದವರು ಯಾರೂ ಇಲ್ಲ.

ಅವತ್ತೇ ಮಧ್ಯಾಹ್ನ ಪಾಳಿ ಇಟ್ಟ ಜಾಗದಲ್ಲಿ ಸೂಫಿಯಾ ತನ್ನ ಹೆಸರು ಹಾಕಿ ಬರೆದಳು: ಇದರಲ್ಲಿ ತಪ್ಪಿದೆ, ತಪ್ಪು ನನ್ನದು, ಸರಿಯಾಗುವವರೆಗೆ ಯಾರೂ ಬಳಸಬೇಡಿ. ಆಮೇಲೆ ತಾಯಿ ಹೇಳಿದಂತೆ ತಿದ್ದಿದಳು. ಮುಂದೆ ಬಿಟ್ಟ ಒಂದೊಂದಕ್ಕೂ ಸಾಲಿನಿಂದ ಒಂದು. ತಿದ್ದಿದ್ದು ಏಳು ಸಾಲು.

ಮಂಗಳವಾರ ಕಾಲೇಜಿಗೆ ರಜೆ ಹಾಕಿ ಶಿವರಾಜನ ಜೊತೆ ಜಾಲಹಳ್ಳಿಯ ಆ ಹೊಲಕ್ಕೆ ಹೋದಳು. ಹೊಸ ಚಿಪ್ ಹಾಕಿ, ನಾಲ್ಕೂ ಮನೆಯವರಿಗೆ ಬಿಡದೆ ಫೋನ್ ಹೊಡೆಯಲು ಹೇಳಿ, ಗುಂಡಿ ಒತ್ತಿದಳು. ನಡೆಯುತ್ತಿದ್ದ ಕರೆ ಮುಗಿದ ಕೂಡಲೇ ದೀಪ ಹತ್ತಿತು. ನಂಬಿಕೆ ಬರದೆ ಹದಿನೈದು ಸಲ ಒತ್ತಿದಳು. ಹದಿನೈದು ಸಲವೂ ಹತ್ತಿತು.

“ಬಲ್ಬ್ ಛಲೋ ಹಾಕೀರಿ,” ಎಂದ ಬೂದೆಪ್ಪ. ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ.

“ಬಲ್ಬಿನ ತಪ್ಪಲ್ರಿ, ನಂದು,” ಎಂದು ಸೂಫಿಯಾ ಆ ಭಾನುವಾರದ್ದೆಲ್ಲ ಹೇಳಿದಳು. ಏನನ್ನೂ ಮುಚ್ಚಿಡಲಿಲ್ಲ. ಬೂದೆಪ್ಪ ತನ್ನ ಬಲಗೈಯನ್ನು ತಿರುಗಿಸಿ ಒಮ್ಮೆ ನೋಡಿಕೊಂಡ. ಅವನು ಬೈದರೆ ಬೈಸಿಕೊಳ್ಳಲು ಅವಳು ತಯಾರಾಗಿ ನಿಂತಿದ್ದಳು.

ಅವನು ಶೆಡ್ಡಿಗೆ ಹೋಗಿ ಬೋರ್ಡಿನಿಂದ ಮೂರೂ ಫ್ಯೂಜು ಕಿತ್ತು ತಂದು ಅವಳ ಅಂಗೈಯಲ್ಲಿ ಇಟ್ಟ.

“ದಾರ ಇನ್ನೊಂದು ಸುತ್ತು ಬೇಕಾಗ್ಯದ. ನಿಮ್ಮ ಗುಂಡಿ ಇರಲಿ. ನಾ ಮ್ಯಾಲ ಬರೋತನ ಇವನ್ನ ಹಿಡಕೊಂಡು ನಿಂದ್ರು ಯವ್ವಾ,” ಎಂದು ಬಾವಿಗೆ ಇಳಿದ.

ಹನ್ನೊಂದು ಗಂಟೆಗೆ ಕರೆಂಟ್ ಬಂದು ಶೆಡ್ಡಿನ ಮೀಟರಿನ ದೀಪ ಹತ್ತಿತು. ಬಿಸಿಲಿನಲ್ಲಿ ಅವಳು ಮುಷ್ಟಿ ಬಿಡಿಸದೆ ನಿಂತಳು. ಶಿವರಾಜ ನೆರಳಿಗೆ ಕರೆದರೂ ಹೋಗಲಿಲ್ಲ. ಬೂದೆಪ್ಪ ಒದ್ದೆ ಕೈ ಒರೆಸಿಕೊಳ್ಳುತ್ತ ಮೇಲೆ ಬಂದು ನಿಂತ ಮೇಲೆಯೇ ಫ್ಯೂಜುಗಳನ್ನು ಅವನ ಕೈಗೆ ಕೊಟ್ಟಳು.